ಸಂದು

ಎರಡನೇ ಶನಿವಾರ, ಬಳ್ಳಾರಿಯ ಕೌಲ್ ಬಜಾರು,
ಖಾಜಾ ಹುಸೇನರ ಜೀನ್ಸ್ ಕಾರ್ಖಾನೆಯ ಮೇಲಿನ ಕೋಣೆ.
ಕೆಳಗೆ ಹೊಲಿಗೆ ಮಿಷನ್ನುಗಳು ನಿಂತಿವೆ.
ತಗಡಿನ ಚಾವಣಿ ಮಾತ್ರ
ಹಗಲಿನ ಬಿಸಿಲನ್ನು ಟಣ್ ಟಣ್ ಎಂದು ಒಂದೊಂದಾಗಿ ಬಿಡುತ್ತಿದೆ.

ಇಲ್ಲಿ ಯಾರೂ ಕ್ಷೇಮ ಕೇಳುವುದಿಲ್ಲ.
ಚಪ್ಪಲಿ ಬಿಡುವಾಗಲೇ ಪ್ರಶ್ನೆ:
"ಎಲ್ಲೀತನಕ ಬಂತು?"

ಎರ್ರಿಸ್ವಾಮಿ ಮಿಠಾಯಿ ಡಬ್ಬಿ ತೆರೆಯುತ್ತಾನೆ.
ಹತ್ತಿಯಲ್ಲಿ ಮಲಗಿವೆ ನಾಲ್ಕು ಅದಿರಿನ ವ್ಯಾಗನ್ನು,
ಒಂದೊಂದೂ ಗೇಣಿಗೆ ಕಮ್ಮಿ.
ಬಣ್ಣ ಕೊಂಡದ್ದಲ್ಲ. ಸಂಡೂರಿನ ದಾರಿಯಲ್ಲಿ ಬೈಕು ನಿಲ್ಲಿಸಿ
ಬೇವಿನೆಲೆಯ ಮೇಲಿನ ಧೂಳನ್ನೇ
ಹಳೆ ಬ್ರಶ್ಶಿನಿಂದ ಗುಡಿಸಿ ತಂದು ಮೆತ್ತಿದ್ದಾನೆ.
"ನಮ್ಮೂರಾಗೆ ಕೆಂಪು ಬಣ್ಣಕ್ಕೆ ರೊಕ್ಕ ಕೊಡೋನು ಮಳ್ಳ."

ಖಾಜಾ ಸಾಹೇಬರದು ಎರೆಹೊಲ.
ಕಡುನೀಲಿ ಡೆನಿಮ್ಮಿನ ತುಂಡಿಗೆ ತುಂಡು ಜೋಡಿಸಿ
ಹೊಲಿಗೆಯನ್ನೇ ನೇಗಿಲ ಸಾಲು ಮಾಡಿದ್ದಾರೆ.
ದೂರದಿಂದ ನಿನ್ನೆ ರಂಟೆ ಹೊಡೆದ ಹಾಗಿದೆ.
ಬಗ್ಗಿ ನೋಡಿದರೆ ಹೊಲದ ನಡುವೆ ಒಂದು ಜೇಬು!
"ಅದು ಬಾವಿ," ಅಂದರು, ನಗದೆ.

ಫಿಲಿಪ್ ಏನೂ ತಂದಿಲ್ಲ.
ಸಿಗ್ನಲ್ಲು ಮುಂದಿನ ತಿಂಗಳಂತೆ. ಹೋದ ವರ್ಷದಿಂದ ಮುಂದಿನ ತಿಂಗಳೇ.

ನಾನು ಹಲ್ಲಿನ ಲ್ಯಾಬಿನವಳು,
ಊರಿನ ದವಡೆಗಳನ್ನು ಪ್ಲಾಸ್ಟರಿನಲ್ಲಿ ಎರೆಯುವವಳು.
ಕೆಟ್ಟ ಅಚ್ಚುಗಳನ್ನು ಬೋರಲು ಹಾಕಿ ಬೂದಿಬಣ್ಣ ಬಳಿದರೆ
ಥೇಟು ಕೋಟೆ ಗುಡ್ಡದ ಬಂಡೆ.
ಸುರಂಗದ ಬಾಯಿಗೆ ಆತುಕೊಂಡಿರುವ ಆ ದೊಡ್ಡದು
ಸಬ್ ರಿಜಿಸ್ಟ್ರಾರ್ ಸಾಹೇಬರ ದವಡೆ.
ದಯವಿಟ್ಟು ಹೇಳಬೇಡಿ.

ಹುಲುಗಪ್ಪನವರು ಬಂದದ್ದೂ ನನ್ನಿಂದಲೇ.
ಹಲ್ಲಿನ ಸೆಟ್ಟಿಗೆಂದು ಬಂದವರು
ಮೇಜಿನ ಮೇಲೆ ಮೊಳದುದ್ದ ಹಳಿ ಕಂಡು ಹಲ್ಲು ಮರೆತರು.
ಮೂವತ್ತೊಂದು ವರ್ಷ ಕೀಮ್ಯಾನು.
ಹೆಗಲಿಗೆ ಸುತ್ತಿಗೆ, ಬೆಳಗಿನ ಜಾವ ಎಂಟು ಕಿಲೋಮೀಟರು ನಡಿಗೆ,
ಸಡಿಲಾದ ಪ್ರತಿ ಕೀಲಿಗೆ ಒಂದೇಟು.

ಎರ್ರಿಸ್ವಾಮಿ ಮೊಬೈಲಿನಲ್ಲಿ ಎಂಬತ್ತೇಳರಿಂದ ಭಾಗಿಸಿ ಹೇಳಿದ:
"ನಮ್ಮ ಹಳಿ ಮ್ಯಾಲೆ ಹನ್ನೆರಡು ಸುತ್ತು, ಕಾಕಾ."
ಅವರು ಮಾತಾಡಲಿಲ್ಲ.
ತೋರುಬೆರಳು ನಡುಬೆರಳು ಎರಡನ್ನು ಕಾಲು ಮಾಡಿ
ಸ್ಲೀಪರಿನಿಂದ ಸ್ಲೀಪರಿಗೆ ಇಡುತ್ತ ಹೊರಟರು,
ಮೇಜಿನ ಸುತ್ತ, ಗೋಡೆಗೆ ಮೈ ಒತ್ತಿಕೊಂಡು,
ಹೊಲ, ಬಂಡೆ, ಮತ್ತೆ ಹೊಲ.
ಚಹಾ ಆರಿತು.
ಎಂಟನೇ ಸುತ್ತಿನಲ್ಲಿ ಬೆರಳು ನಿಂತವು.

ಹಿಂದಿನ ಮೂಲೆ, ತಗಡು ತಗ್ಗಿರುವಲ್ಲಿ,
ನಾವು ಮರೆಮಾಚಿ ಜಾಲಿಗಿಡ ನೆಟ್ಟಿದ್ದ ಜಾಗ.
ಮೇ ತಿಂಗಳಿಗೆ ಹಳಿ ಸೊಟ್ಟಗೆದ್ದು
ಹೆಡೆ ಎತ್ತಿದ ಹಾವಿನ ಹಾಗಿತ್ತು.
ಕೂದಲೂ ತೂರದಂತೆ ಬೆಸುಗೆ ಹಾಕಿದ್ದೆವು,
ಅದೇ ನಮ್ಮ ಹೆಮ್ಮೆ.
"ಎಲ್ಲಾ ಚೆಂದ ಮಾಡೀರಿ," ಅಂದರು.
"ಬ್ಯಾಸಿಗಿಗೆ ಜಾಗ ಎಲ್ಲಿ ಬಿಟ್ಟೀರವ್ವಾ?"

ಅಸಲು ಹಳಿಯಲ್ಲಿ ಕಿರುಬೆರಳಿನ ಅರ್ಧದಷ್ಟು ಸಂದು.
ಇಲ್ಲಿ?
ಅಂಗಿಯ ಜೇಬಿನಿಂದ ಒಂದು ಬಸ್ ಟಿಕೇಟು ತೆಗೆದರು.
ಇಷ್ಟು. ಇದರ ದಪ್ಪ.

ಹಲ್ಲು ಕೊಯ್ಯುವ ನನ್ನ ಸಣ್ಣ ಚಕ್ರ ಅವತ್ತು ಹಳಿ ಕೊಯ್ಯಿತು.
ಕಿಡಿ ಹಾರಿ ಸಾಹೇಬರ ಹೊಲದಲ್ಲಿ ಚೂರು ಕಮಟು ವಾಸನೆ.
ಪ್ರತಿ ಸಂದಿಗೂ ಅವರು ಟಿಕೇಟು ತೂರಿಸಿ, ಎಳೆದು,
"ಹ್ಞಾಂ" ಅಂದ ಮೇಲೆಯೇ ಮುಂದಿನದು.

ರಾತ್ರಿ ಹತ್ತಕ್ಕೆ ಗಾಡಿ ಬಿಟ್ಟೆವು.
ಇಷ್ಟು ದಿನ ಎಣ್ಣೆಯ ಮೇಲೆ ಜಾರಿದಂತೆ ಸದ್ದಿಲ್ಲದೆ ಓಡುತ್ತಿದ್ದದ್ದು
ಈಗ ಟಕ-ಟಕ್, ಟಕ-ಟಕ್.
ಫಿಲಿಪ್ ಫ್ಯಾನು ಆರಿಸಿದ.
ಬೆವರುತ್ತ ನಿಂತೆವು ಐವರೂ,
ಕೆಂಧೂಳಿನ ನಾಲ್ಕು ವ್ಯಾಗನ್ನು
ಸಬ್ ರಿಜಿಸ್ಟ್ರಾರರ ಬಾಯೊಳಗೆ ಹೋಗಿ ಹೊರಬರುವುದನ್ನು ಕೇಳುತ್ತ.

ತಿಂಗಳ ಲೆಕ್ಕದ ಪುಸ್ತಕ ನನ್ನದು.
"ಎಲ್ಲೀತನಕ ಬಂತು" ಎಂಬ ಕಾಲಮ್ಮಿನಲ್ಲಿ
ಹೊಸ ಹಳಿ ಇಲ್ಲ ಎಂದು ಬರೆದು,
ಕೆಳಗೆ: ಸಂದು, ಹದಿನಾಲ್ಕು.

ಮೆಟ್ಟಿಲಿಳಿಯುವಾಗ ಹುಲುಗಪ್ಪನವರು
ಕರವಸ್ತ್ರದ ಗಂಟು ಬಿಚ್ಚಿ ನನ್ನ ಅಂಗೈಗಿಟ್ಟರು,
ನಾನೇ ಮಾಡಿಕೊಟ್ಟ ಹಲ್ಲಿನ ಸೆಟ್ಟು.
"ಇದೂ ಭಾಳ ಬಿಗಿ ಆಗೇತವ್ವಾ."